ಒಂದು ಕೈ ಹಿಡಿ, ಒಂದು ಕೈ ಬಿಡು

"ನೀವು ಎಳೀತಾ ಇದ್ದೀರಿ ಮೇಡಂ. ಬಿಡಿ."

"ನಾನು ಎಳೀತಿಲ್ಲ. ಚಾಚೋಕೆ ನೋಡ್ತಿದ್ದೀನಿ, ಆಗ್ತಿಲ್ಲ."

"ಇಲ್ಲಿ ಮುಟ್ಟಿ ನೋಡಿ."

ಫಿಸಿಯೋ ನನ್ನ ಎಡಗೈ ಹಿಡಿದು ಬಲಗೈಯ ರಟ್ಟೆಯ ಮೇಲಿಟ್ಟರು. ರಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕೈ ಚಾಚಬೇಕೆಂದು ನಾನು ಅಷ್ಟು ಒದ್ದಾಡುತ್ತಿದ್ದರೆ ಅದಕ್ಕೆ ಅಡ್ಡ ನಿಂತಿದ್ದು ನನ್ನದೇ ರಟ್ಟೆ. ನಾನು ಹೇಳದೆ, ನನಗೆ ಗೊತ್ತೂ ಆಗದೆ, ಅದು ಕೈಯನ್ನು ಒಳಕ್ಕೆ ಎಳೆದು ಹಿಡಿದುಕೊಂಡಿತ್ತು.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಬೀಳುವಾಗ ಬಲಗೈ ಊರಿದೆ. ಮೊಣಕೈ ಹತ್ತಿರ ಮೂಳೆ ಬಿರುಕು ಬಿಟ್ಟಿತು. ಐದು ವಾರ ಪ್ಲಾಸ್ಟರ್ ಇತ್ತು. ಮೊಣಕೈಯನ್ನು 90 ಡಿಗ್ರಿ ಮಡಿಚಿ, ಭುಜದ ಕೆಳಗಿನಿಂದ ಅಂಗೈವರೆಗೆ ಕಟ್ಟಿದ್ದರು. ಬಿಚ್ಚಿದ ದಿನ ಒಳಗಿಂದ ಬಂದ ಕೈ ನೋಡಿ ಗಾಬರಿಯಾಯಿತು. ಎಡಗೈಗಿಂತ ಎಷ್ಟೋ ಸಣಕಲಾಗಿತ್ತು. ಅದಕ್ಕಿಂತ ಗಾಬರಿಯಾಗಿದ್ದು ಅದು ಬಿಡಿಸಿಕೊಳ್ಳಲೇ ಇಲ್ಲವಲ್ಲ ಅಂತ. ಪ್ಲಾಸ್ಟರ್ ಇಲ್ಲದಿದ್ದರೂ ಪ್ಲಾಸ್ಟರಿನಲ್ಲಿ ಇದ್ದ ಹಾಗೇ ಮಡಿಚಿಕೊಂಡು ಕೂತಿತ್ತು.

ಊರಿನಿಂದ ದೊಡ್ಡಮ್ಮ ಫೋನ್ ಮಾಡಿ, "ಎಣ್ಣೆ ಹಚ್ಚಿ ಚೆನ್ನಾಗಿ ನೀವಿಸ್ಕೋ, ಯಾರಾದ್ರೂ ಎಳೆದು ಬಿಡಿಸಿದ್ರೆ ಸರಿಯಾಗುತ್ತೆ" ಅಂದರು. ಫಿಸಿಯೋಗೆ ಹೇಳಿದಾಗ ಅವರು ಮಾಡುತ್ತಿದ್ದ ಕೆಲಸ ನಿಲ್ಲಿಸಿಬಿಟ್ಟರು. "ಮೊಣಕೈನ ಯಾರೂ ಬಲವಂತವಾಗಿ ಎಳೀಬಾರದು ಮೇಡಂ. ಜೋರಾಗಿ ನೀವೋದೂ ಬೇಡ. ಪೆಟ್ಟಾದ ಸ್ನಾಯು ಒಳಗೇ ಮೂಳೆ ಬೆಳೆದುಬಿಡಬಹುದು. ಆಮೇಲೆ ನಿಜಕ್ಕೂ ಬಿಡಿಸಕ್ಕಾಗಲ್ಲ." ಇದನ್ನು ಇಲ್ಲಿ ಬರೆಯಲೇಬೇಕು ಅನ್ನಿಸಿತು. ನಮ್ಮ ಕಡೆ ಕೈ ಮುರಿದವರಿಗೆ ಮೊದಲು ಸಿಗುವ ಸಲಹೆಯೇ ಎಣ್ಣೆ ಮತ್ತು ನೀವುವುದು.

ಆ ದಿನದಿಂದ ಮೂರು ತಿಂಗಳು ನಾನು ನನ್ನ ಕೈಯನ್ನೇ ನೋಡುತ್ತಾ ಕೂತೆ. ಓದಿದೆ, ಕೇಳಿದೆ, ಮುಟ್ಟಿ ಮುಟ್ಟಿ ನೋಡಿದೆ. ನಲವತ್ತು ವರ್ಷ ಜೊತೆಗಿದ್ದ ಕೈ ಹೇಗೆ ಅಲ್ಲಾಡುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಮೊದಲು ತಿಳಿದ ಸಂಗತಿಯನ್ನು ನಾನು ನಂಬಲೇ ಇಲ್ಲ. ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು. ತಳ್ಳಲು ಬರುವುದಿಲ್ಲ. ನಮ್ಮ ಮೈಯಲ್ಲಿ ಮೂಳೆಗೆ ಅಂಟಿಕೊಂಡ ಸ್ನಾಯುಗಳು 600ಕ್ಕಿಂತ ಜಾಸ್ತಿ ಇವೆ. ಅಷ್ಟರಲ್ಲಿ ಒಂದಕ್ಕೂ ತಳ್ಳಲು ಬರುವುದಿಲ್ಲ. ಹಾಗಾದರೆ ಬಾಗಿಲು ತಳ್ಳುತ್ತೇವಲ್ಲ? ಚಪಾತಿ ಹಿಟ್ಟು ಒತ್ತಿ ಒತ್ತಿ ನಾದುತ್ತೇವಲ್ಲ? ಕೆಟ್ಟು ನಿಂತ ಸ್ಕೂಟರನ್ನು ತಳ್ಳಿಕೊಂಡು ಹೋಗುತ್ತೇವಲ್ಲ?

ಅದೂ ಎಳೆತವೇ. ರಟ್ಟೆಯ ಮುಂದೆ ಬೈಸೆಪ್ಸ್ ಇದೆ, ಹಿಂದೆ ಟ್ರೈಸೆಪ್ಸ್. ಹಿಂದಿನದು ಮೊಣಕೈಯ ಚೂಪು ತುದಿಗೆ ಅಂಟಿಕೊಂಡಿದೆ, ಮೇಜಿನ ಮೇಲೆ ಕೈ ಊರಿ ಕೂತಾಗ ಮೇಜಿಗೆ ತಾಗುತ್ತದಲ್ಲ, ಆ ತುದಿಗೆ. ಅದನ್ನು ಹಿಂದಿನಿಂದ ಮೇಲಕ್ಕೆ ಎಳೆದರೆ ಮುಂಗೈ ಹೊರಕ್ಕೆ ಬೀಸಿಕೊಳ್ಳುತ್ತದೆ. ಏತದ ಹಾಗೆ. ಏತದ ಒಂದು ತುದಿ ಕೆಳಗೆ ಎಳೆದರೆ ಇನ್ನೊಂದು ಮೇಲೆ ಹೋಗುತ್ತದೆ. ನೋಡುವವರಿಗೆ ನಾನು ಬಾಗಿಲು ತಳ್ಳಿದೆ. ಒಳಗೆ ನಡೆದದ್ದು ಎಳೆತ.

ಇದನ್ನು ಈಗಲೇ ಪರೀಕ್ಷಿಸಬಹುದು. ಅಂಗೈಯನ್ನು ಮೇಜಿನ ಅಡಿಗೆ ಇಟ್ಟು ಮೇಜನ್ನು ಮೇಲಕ್ಕೆತ್ತುವವರ ಹಾಗೆ ಒತ್ತಿ. ಇನ್ನೊಂದು ಕೈಯಿಂದ ರಟ್ಟೆ ಮುಟ್ಟಿ. ಮುಂದೆ ಗಟ್ಟಿ, ಹಿಂದೆ ಮೆತ್ತಗೆ ಇರುತ್ತದೆ. ಈಗ ಅಂಗೈ ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿ. ಹಿಂದೆ ಗಟ್ಟಿಯಾಗುತ್ತದೆ, ಮುಂದೆ ಸಡಿಲ. ನಾನು ಇದನ್ನು ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ.

ಆಮೇಲೆ ನೋಡಿದರೆ ಇಬ್ಬರದೇ ಕೆಲಸವೂ ಅಲ್ಲ. ಕೈ ಮಡಿಚುವುದರಲ್ಲಿ ಬೈಸೆಪ್ಸಿಗಿಂತ ಹೆಚ್ಚು ದುಡಿಯುವುದು ಅದರ ಕೆಳಗೆ ಅಡಗಿರುವ ಬ್ರೇಕಿಯಾಲಿಸ್ ಎಂಬ ಇನ್ನೊಂದು ಸ್ನಾಯು. ಅದು ಹೊರಗೆ ಕಾಣುವುದಿಲ್ಲ, ಕನ್ನಡಿ ಮುಂದೆ ಯಾರೂ ಅದನ್ನು ತೋರಿಸುವುದಿಲ್ಲ. ಬೈಸೆಪ್ಸಿಗೆ ಇನ್ನೊಂದು ಕೆಲಸವಿದೆ. ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು. ಬಲಗೈಯಲ್ಲಿ ಸ್ಕ್ರೂ ಬಿಗಿ ಮಾಡುವಾಗ ಜೋರು ಕೊಡುವುದು ಅದೇ. ಪ್ಲಾಸ್ಟರ್ ಬಿಚ್ಚಿದ ಮೇಲೆ ನನಗೆ ಬೀಗದ ಕೀಲಿ ತಿರುಗಿಸಲೂ ಆಗುತ್ತಿರಲಿಲ್ಲ. ಮೊಣಕೈಗೆ ಪೆಟ್ಟಾದರೆ ಕೀಲಿ ಯಾಕೆ ತಿರುಗುವುದಿಲ್ಲ ಅಂತ ಅರ್ಥವಾಗಿದ್ದು ಆಗ.

ಬೈಸೆಪ್ಸ್ ಮುಂಗೈ ಮೂಳೆಗೆ ಅಂಟಿಕೊಂಡಿರುವುದು ಮೊಣಕೈಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ. ಅಂಗೈ ಇರುವುದು ಅದರ ಏಳೆಂಟು ಪಟ್ಟು ದೂರದಲ್ಲಿ. ಹಾಗಾಗಿ ಅಂಗೈ ಮೇಲೆ 1 ಕೆಜಿ ಸಕ್ಕರೆ ಇಟ್ಟರೆ ರಟ್ಟೆಯ ಸ್ನಾಯುಗಳು ಅದರ ಏಳೆಂಟು ಪಟ್ಟು ಎಳೆಯಬೇಕು. ಶಕ್ತಿ ದಂಡ ಅಲ್ವಾ ಅನ್ನಿಸುತ್ತದೆ. ಆದರೆ ಸ್ನಾಯು ಒಂದಿಷ್ಟು ಚಿಕ್ಕದಾದರೆ ಸಾಕು, ಅಂಗೈ ಅಷ್ಟು ದೂರ, ಅಷ್ಟು ಬೇಗ ಬೀಸಿಕೊಳ್ಳುತ್ತದೆ. ತಟ್ಟೆಯಿಂದ ಬಾಯಿಗೆ ತುತ್ತು ಹೋಗುವುದು, ನೊಣ ಓಡಿಸುವುದು, ಚೆಂಡು ಎಸೆಯುವುದು, ಎಲ್ಲ ಈ ಲೆಕ್ಕದ ಮೇಲೆಯೇ ನಡೆದಿದೆ.

ಇಷ್ಟು ತಿಳಿದ ಮೇಲೂ ನನ್ನ ಕೈ ಚಾಚಿಕೊಳ್ಳಲಿಲ್ಲ.

ಒಬ್ಬರು ಎಳೆಯುವಾಗ ಇನ್ನೊಬ್ಬರು ಬಿಡಬೇಕು. ಇದು ಸುಮ್ನೆ ಆಗುವುದಿಲ್ಲ. ಬೆನ್ನುಹುರಿ ಅದನ್ನು ಮಾಡಿಸುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಷೆರಿಂಗ್ಟನ್ 1890ರ ದಶಕದಿಂದ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಒಂದು ಸ್ನಾಯುವಿಗೆ "ಎಳೆ" ಅನ್ನುವ ಸಂದೇಶ ಹೋಗುವಾಗಲೇ ಅದರ ಎದುರಾಳಿಯ ನರಕೋಶಕ್ಕೆ "ಸುಮ್ಮನಿರು" ಅನ್ನುವ ಸಂದೇಶವೂ ಹೋಗುತ್ತದೆ ಅಂತ ತೋರಿಸಿದರು. ಸುಮ್ಮನಿರಿಸುವುದಕ್ಕೂ ನರವ್ಯೂಹ ದುಡಿಯುತ್ತದೆ, ಅದೂ ಒಂದು ಚಟುವಟಿಕೆ. ನನಗೆ ಹೊಸದಾಗಿ ಕಂಡದ್ದು ಇದು. ಷೆರಿಂಗ್ಟನ್‌ಗೆ 1932ರಲ್ಲಿ, ಎಡ್ಗರ್ ಏಡ್ರಿಯನ್ ಜೊತೆ, ನೊಬೆಲ್ ಬಂತು.

ನೋವು, ಹೆದರಿಕೆ ಬಂದಾಗ ಈ ಒಪ್ಪಂದ ಕೆಡುತ್ತದೆ. ಮುಂದಿನದೂ ಹಿಂದಿನದೂ ಒಟ್ಟಿಗೆ ಬಿಗಿಯಾಗುತ್ತವೆ. ಕೀಲು ಅಲ್ಲಾಡದ ಹಾಗೆ ಮೈ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆ. ಕೆಲವು ಸಲ ಈ ಬಿಗಿ ಬೇಕು ಕೂಡ. ಅಂಚಿನವರೆಗೆ ತುಂಬಿದ ಕಾಫಿ ಲೋಟ ಹಿಡಿದು ನಡೆಯುವಾಗ ನಾವು ಕೈಯನ್ನು ಎರಡೂ ಕಡೆಯಿಂದ ಬಿಗಿದೇ ಹಿಡಿಯುತ್ತೇವೆ. ಹೊಸದಾಗಿ ಸೈಕಲ್ ಕಲಿಯುವವರನ್ನು ನೋಡಿ. ಹಲ್ಲು ಕಚ್ಚಿ, ಭುಜ ಎತ್ತಿ, ಹ್ಯಾಂಡಲ್ ಹಿಸುಕಿ ಹಿಡಿದಿರುತ್ತಾರೆ. ಅರ್ಧ ಗಂಟೆಗೆ ಸುಸ್ತು. ಕಲಿತ ಮೇಲೆ ಅದೇ ಮನುಷ್ಯ ದಿನವಿಡೀ ಓಡಿಸುತ್ತಾನೆ. ಬೇಡದ ಸ್ನಾಯುಗಳನ್ನು ಸುಮ್ಮನಿರಿಸಲು ನರಗಳು ಕಲಿತಿರುತ್ತವೆ.

ಫಿಸಿಯೋ ನನಗೆ ಮಾಡಿಸಿದ್ದು ತಿರುವುಮುರುವಾಗಿ ಕಂಡಿತು. ಚಾಚಬೇಕಾದ ಕೈಯನ್ನು ಮೊದಲು ಮಡಿಚಲು ಹೇಳುತ್ತಿದ್ದರು. ನನ್ನ ಮಣಿಕಟ್ಟಿನ ಮೇಲೆ ಮೆಲ್ಲಗೆ ಕೈಯಿಟ್ಟು, "ನನ್ನ ಕೈ ವಿರುದ್ಧ ಒಳಗೆ ಎಳೀರಿ. ಜೋರು ಬೇಡ. ಹಾಗೇ ಹಿಡೀರಿ" ಅನ್ನುತ್ತಿದ್ದರು. ಐದಾರು ಎಣಿಸಿ, "ಈಗ ಬಿಡಿ. ಉಸಿರೂ ಬಿಡಿ." ಆ ಬಿಟ್ಟ ಗಳಿಗೆಯಲ್ಲಿ ಕೈ ತಾನಾಗಿ ಒಂದಿಷ್ಟು ಹೊರಗೆ ಇಳಿಯುತ್ತಿತ್ತು. ಬೆರಳು ಅಗಲ ಅಷ್ಟೇ. ಮೊದಲ ಸಲ ಹಾಗಾದಾಗ ಕಣ್ಣಲ್ಲಿ ನೀರು ಬಂತು.

ಆ "ಹಿಡೀರಿ, ಬಿಡಿ" ಕೇಳುವಾಗ ನನಗೆ ಅಜ್ಜಿಯ ದನಿ ಕೇಳುತ್ತಿತ್ತು.

ನಮ್ಮದು ಮಲೆನಾಡು. ಮನೆ ಹಿಂದೆ ಬಾವಿ. ಬೇಸಿಗೆ ರಜೆಗೆ ಹೋದಾಗ ನೀರು ಸೇದುವುದು ಮಕ್ಕಳಿಗೆ ಆಟ. ನಾನು ಎರಡೂ ಕೈಯಲ್ಲಿ ಹಗ್ಗ ಗಟ್ಟಿ ಹಿಡಿದು, ಹಿಂದಕ್ಕೆ ವಾಲಿ, ಮೈಯೆಲ್ಲ ಬಿಗಿದು ಎಳೆಯುತ್ತಿದ್ದೆ. ಕೊಡಪಾನ ಅರ್ಧ ಬರುವಷ್ಟರಲ್ಲಿ ಕೈ ಸೋಲುತ್ತಿತ್ತು. ಅಜ್ಜಿ ಬಂದು ಪಕ್ಕ ನಿಲ್ಲುತ್ತಿದ್ದರು. "ಎರಡೂ ಕೈಲಿ ಒಟ್ಟಿಗೆ ಹಿಡೀಬೇಡ ಪುಟ್ಟೀ. ಒಂದು ಕೈ ಹಿಡಿ, ಒಂದು ಕೈ ಬಿಡು. ಬಿಟ್ಟ ಕೈ ಮುಂದೆ ಹೋಗಿ ಹಿಡೀಲಿ." ಅವರ ಕೈ ನೋಡುತ್ತಿದ್ದರೆ ಹಗ್ಗ ತಾನೇ ಮೇಲೆ ಬರುತ್ತಿದೆ ಅನ್ನಿಸುತ್ತಿತ್ತು. ರಾಟೆ ಕಿರ್‍ರ್ ಅನ್ನುತ್ತಾ ಒಂದೇ ಲಯದಲ್ಲಿ ತಿರುಗುತ್ತಿತ್ತು.

ಸ್ನಾಯುವಿನ ಒಳಗೆ ಏನು ನಡೆಯುತ್ತದೆ ಅಂತ ಓದಿದಾಗ ನನಗೆ ಕಂಡದ್ದು ಆ ಬಾವಿಕಟ್ಟೆ.

ಸ್ನಾಯು ಎಳೆ ಎಳೆಯಾಗಿದೆ. ಒಂದೊಂದು ಎಳೆಯೊಳಗೂ ಇನ್ನೂ ಸಣ್ಣ ಎಳೆಗಳಿವೆ. ಆ ಸಣ್ಣ ಎಳೆಯ ಉದ್ದಕ್ಕೂ, ಕಬ್ಬಿನ ಗಿಣ್ಣುಗಳ ಹಾಗೆ, ಒಂದರ ಮುಂದೆ ಒಂದು ಪುಟ್ಟ ಕಟ್ಟುಗಳು. ಅವಕ್ಕೆ ಸಾರ್ಕೋಮಿಯರ್ ಅಂತ ಹೆಸರು. ಒಂದೊಂದರ ಉದ್ದ ಸುಮಾರು ಎರಡೂವರೆ ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಒಂದು ಸೆಂಟಿಮೀಟರಿನಲ್ಲಿ ನಾಲ್ಕು ಸಾವಿರ ಹಿಡಿಸುತ್ತವೆ. ಪ್ರತಿ ಕಟ್ಟಿನಲ್ಲೂ ಎರಡು ಬಗೆಯ ತಂತು. ದಪ್ಪನೆಯದು ಮಯೋಸಿನ್, ತೆಳ್ಳನೆಯದು ಆಕ್ಟಿನ್. ತೆಳ್ಳನೆಯದು ಹಗ್ಗ. ದಪ್ಪ ತಂತುವಿನಿಂದ ಪುಟ್ಟ ಪುಟ್ಟ ತಲೆಗಳು ಹೊರಗೆ ಚಾಚಿಕೊಂಡಿವೆ, ಒಂದೊಂದು ತಂತುವಿನಲ್ಲಿ ನೂರಾರು. ಅವೇ ಕೈಗಳು. ಒಂದು ತಲೆ ಹಗ್ಗ ಹಿಡಿಯುತ್ತದೆ, ಬಾಗಿ ಎಳೆಯುತ್ತದೆ, ಬಿಡುತ್ತದೆ, ಮುಂದೆ ಹೋಗಿ ಮತ್ತೆ ಹಿಡಿಯುತ್ತದೆ. ಒಂದು ಎಳೆತಕ್ಕೆ ಹಗ್ಗ ಸರಿಯುವುದು ಹೆಚ್ಚೆಂದರೆ ಸುಮಾರು 10 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಲಕ್ಷದ ಒಂದು ಭಾಗ. ಎಲ್ಲ ತಲೆಗಳೂ ಒಟ್ಟಿಗೆ ಬಿಡುವುದಿಲ್ಲ. ಕೆಲವು ಹಿಡಿದಿರುವಾಗ ಕೆಲವು ಬಿಡುತ್ತವೆ. ಒಟ್ಟಿಗೆ ಬಿಟ್ಟರೆ ಕೊಡಪಾನ ಬಾವಿಗೆ ಬಿದ್ದ ಹಾಗೆ.

ಇದು ಗೊತ್ತಾಗಿದ್ದು ತೀರಾ ಹಳೆಯ ಕಾಲದಲ್ಲೇನಲ್ಲ. ಇಟಲಿಯ ಬೊಲೋನ್ಯಾದಲ್ಲಿ ಲುಯಿಜಿ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಕಂಡು 1791ರಲ್ಲಿ ಬರೆದಿದ್ದರು. ಆದರೆ ಒಳಗೆ ಏನು ಚಿಕ್ಕದಾಗುತ್ತದೆ ಅನ್ನುವುದು ಆಮೇಲೂ ಒಂದೂವರೆ ಶತಮಾನ ಗೊತ್ತಿರಲಿಲ್ಲ. ತಂತುಗಳೇ ಮಡಿಚಿಕೊಳ್ಳುತ್ತವೆ, ಸುರುಳಿಯಾಗುತ್ತವೆ ಎಂದು ಊಹಿಸಿದ್ದರು. 1954ರ ಮೇ ತಿಂಗಳಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಅಕ್ಕಪಕ್ಕ ಬಂದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗೆರ್ಕೆ ಬರೆದದ್ದು. ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಬರೆದದ್ದು. ಎರಡು ಹಕ್ಸ್‌ಲಿಗಳು ಸಂಬಂಧಿಕರಲ್ಲ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಮಾತು ಹೇಳಿದರು. ಯಾವ ತಂತುವೂ ಚಿಕ್ಕದಾಗುವುದಿಲ್ಲ. ಒಂದರ ಮೇಲೊಂದು ಜಾರುತ್ತವೆ, ಅಷ್ಟೇ. ಸೂಕ್ಷ್ಮದರ್ಶಕದಲ್ಲಿ ಸ್ನಾಯುವಿನ ಎಳೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಎಳೆ ಚಿಕ್ಕದಾದಾಗ ತಿಳಿ ಪಟ್ಟೆ ಕಿರಿದಾಗುತ್ತದೆ, ಕಪ್ಪು ಪಟ್ಟೆ ಇದ್ದಷ್ಟೇ ಅಗಲ ಇರುತ್ತದೆ. ಆ ಒಂದು ಅಳತೆಯನ್ನು ತಾಳ್ಮೆಯಿಂದ ನೋಡಿದವರಿಗೆ ಗುಟ್ಟು ಸಿಕ್ಕಿತು. ನನಗೆ ಆ ತಾಳ್ಮೆಯ ಬಗ್ಗೆ ತುಂಬಾ ಪ್ರೀತಿ.

ಹಿಡಿಯಲು ಅಪ್ಪಣೆ ಕೊಡುವುದು ಕ್ಯಾಲ್ಸಿಯಂ. ಹಗ್ಗದ ಮೇಲೆ ಹಿಡಿಯುವ ಜಾಗಗಳನ್ನು ಒಂದು ಪ್ರೋಟೀನ್ ಮುಚ್ಚಿಕೊಂಡಿರುತ್ತದೆ. ನರದ ಸಂದೇಶ ಬಂದಾಗ ಎಳೆಯೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬರುತ್ತದೆ, ಮುಚ್ಚಳ ಸರಿಯುತ್ತದೆ, ತಲೆಗಳು ಹಗ್ಗ ಹಿಡಿಯುತ್ತವೆ. ಸಂದೇಶ ನಿಂತಾಗ ಕ್ಯಾಲ್ಸಿಯಂ ವಾಪಸ್ ಚೀಲಕ್ಕೆ ಹೋಗಬೇಕು. ತಾನಾಗಿ ಹೋಗುವುದಿಲ್ಲ, ಪಂಪ್ ಮಾಡಬೇಕು. ಪಂಪಿಗೆ ಶಕ್ತಿ ಬೇಕು. ಆ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ. ನಾವು ತಿಂದ ಅನ್ನವೆಲ್ಲ ಕೊನೆಗೆ ಆಗುವ ಚಿಲ್ಲರೆ ಕಾಸು ಅದು.

ಇನ್ನೊಂದು ಮಾತಿಗೆ ನಾನು ಓದುವುದನ್ನು ನಿಲ್ಲಿಸಿ ಸುಮಾರು ಹೊತ್ತು ಕೂತೆ. ತಲೆ ಹಗ್ಗವನ್ನು ಬಿಡುವುದಕ್ಕೂ ಎಟಿಪಿ ಬೇಕು. ಹಿಡಿಯುವ ಗಳಿಗೆಯಲ್ಲಿ ಎಟಿಪಿ ಬೇಕಿಲ್ಲ. ಹೊಸದೊಂದು ಎಟಿಪಿ ಬಂದು ಕೂತಾಗ ಮಾತ್ರ ಹಿಡಿತ ಬಿಡುತ್ತದೆ. ಆಮೇಲೆ ಅದೇ ಎಟಿಪಿ ಒಡೆದು ತಲೆಯನ್ನು ಮುಂದಿನ ಎಳೆತಕ್ಕೆ ಹುರಿಗೊಳಿಸುತ್ತದೆ. ಎಟಿಪಿ ಬರದಿದ್ದರೆ ತಲೆ ಹಿಡಿದೇ ಇರುತ್ತದೆ.

ಅಜ್ಜ ತೀರಿಕೊಂಡದ್ದು ಇಪ್ಪತ್ತು ವರ್ಷದ ಹಿಂದೆ, ರಾತ್ರಿ ಹತ್ತರ ಹೊತ್ತಿಗೆ. ನಾನು ಊರಲ್ಲೇ ಇದ್ದೆ. ಎಲ್ಲರೂ ಅಳುತ್ತಿದ್ದರು. ಅಜ್ಜಿ ಅಳಲಿಲ್ಲ. ಮೊದಲು ಕಣ್ಣು ಮುಚ್ಚಿದರು. ಒಂದು ಬಟ್ಟೆ ಹರಿದು ಗದ್ದಕ್ಕೆ ಕಟ್ಟಿದರು. ಕಾಲು ನೆಟ್ಟಗೆ ಮಾಡಿ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಿಸಿದರು. ಕೈ ಎದೆ ಮೇಲೆ ಜೋಡಿಸಿದರು. ಚಿಕ್ಕಪ್ಪ ಬಾಗಿಲ ಹತ್ತಿರ ಕೂತಿದ್ದರು. "ಈಗಲೇ ನೆಟ್ಟಗೆ ಮಾಡ್ರೋ. ಬೆಳಗಾದ್ರೆ ಬಗ್ಗಲ್ಲ" ಅಂತ ಅವರನ್ನು ಕರೆದರು. ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ಐವತ್ತು ವರ್ಷ ಜೊತೆ ಬಾಳಿದ ಮನುಷ್ಯ ಹೋಗಿ ಅರ್ಧ ಗಂಟೆ ಆಗಿಲ್ಲ, ಇವರಿಗೆ ಕೈಕಾಲು ಜೋಡಿಸುವ ಆತುರ ಅಂತ.

ಬೆಳಗಿನ ಜಾವ ಅಜ್ಜನ ಕೈ ಮುಟ್ಟಿದೆ. ಬಿಗಿಯಾಗಿತ್ತು. ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡ ಹಾಗೆ. ಹೋಗಲು ಇಷ್ಟವಿರಲಿಲ್ಲವೇನೋ ಅಂತ ಆಗ ಅನ್ನಿಸಿತ್ತು. ಆ ಯೋಚನೆ ವರ್ಷಗಟ್ಟಲೆ ಮನಸ್ಸಿನಲ್ಲಿತ್ತು.

ಈಗ ಗೊತ್ತು. ಉಸಿರು ನಿಂತ ಮೇಲೆ ಎಟಿಪಿ ತಯಾರಾಗುವುದು ನಿಲ್ಲುತ್ತದೆ. ಚೀಲಗಳಿಂದ ಕ್ಯಾಲ್ಸಿಯಂ ಸೋರುತ್ತದೆ. ತಲೆಗಳು ಹಗ್ಗ ಹಿಡಿಯುತ್ತವೆ. ಬಿಡಲು ಶಕ್ತಿ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ಮುಖ, ದವಡೆಯಲ್ಲಿ ಮೊದಲು ಗೊತ್ತಾಗುತ್ತದೆ. ಹನ್ನೆರಡು ಗಂಟೆಯ ಹೊತ್ತಿಗೆ ಮೈಯೆಲ್ಲ ಸೆಟೆಯುತ್ತದೆ. ಸೆಕೆಯಿದ್ದರೆ ಇನ್ನೂ ಬೇಗ. ಒಂದು ದಿನ ಕಳೆದ ಮೇಲೆ ಆ ತಂತುಗಳೇ ಕಳಚಲು ಶುರುವಾಗಿ ಮತ್ತೆ ಸಡಿಲವಾಗುತ್ತದೆ. ಅಜ್ಜ ಏನನ್ನೂ ಹಿಡಿದುಕೊಂಡಿರಲಿಲ್ಲ. ಬಿಡುವ ಶಕ್ತಿ ಮುಗಿದಿತ್ತು. ಅಜ್ಜಿಗೆ ಮಯೋಸಿನ್ ಅಂದರೆ ಏನೆಂದು ಗೊತ್ತಿಲ್ಲ. ಆದರೆ ಎಷ್ಟು ಹೊತ್ತಿದೆ ಅಂತ ಗೊತ್ತಿತ್ತು. ಗಂಡನನ್ನು ನೋಡಲು ಬರುವವರಿಗೆ ಅವನ ಬಾಯಿ ತೆರೆದುಕೊಂಡು ಕಾಣಬಾರದು ಅಂತ ಅವರು ಆ ಅರ್ಧ ಗಂಟೆ ಅಳುವುದನ್ನು ತಡೆದುಕೊಂಡಿದ್ದರು.

ನನ್ನ ಕೈ ವಿಷಯಕ್ಕೆ ಬರುತ್ತೇನೆ. ಎರಡನೇ ವಾರದಿಂದ ಫಿಸಿಯೋ ಅರ್ಧ ಲೀಟರ್ ನೀರಿನ ಬಾಟಲಿ ಎತ್ತಿಸಿದರು. ಆಮೇಲೆ ಒಂದು ಲೀಟರ್. ರಟ್ಟೆಯ ಸುತ್ತಳತೆ ಟೇಪಿನಲ್ಲಿ ನೋಡಿದರೆ ಹೆಚ್ಚೇನೂ ಬದಲಾಗಿರಲಿಲ್ಲ. ಆದರೂ ಮೊದಲು ನಡುಗುತ್ತಿದ್ದ ಕೈ ಈಗ ನಡುಗುತ್ತಿರಲಿಲ್ಲ. "ಸ್ನಾಯು ಬೆಳೆಯೋಕೆ ಟೈಮ್ ಬೇಕು ಮೇಡಂ. ಮೊದಲು ನರ ಕಲಿಯುತ್ತೆ" ಅಂದರು. ಒಂದು ನರಕೋಶಕ್ಕೆ ಒಂದು ಗುಂಪು ಎಳೆಗಳು ಸೇರಿರುತ್ತವೆ. ಕಣ್ಣು ತಿರುಗಿಸುವ ಸ್ನಾಯುವಿನಲ್ಲಿ ಒಂದು ಗುಂಪಿಗೆ ಹತ್ತಿಪ್ಪತ್ತು ಎಳೆಗಳಿದ್ದರೆ ಜಾಸ್ತಿ. ಕಾಲಿನ ದೊಡ್ಡ ಸ್ನಾಯುಗಳಲ್ಲಿ ಸಾವಿರದ ಮೇಲೆ. ಕೆಲಸ ಬಂದಾಗ ಮೊದಲು ಸಣ್ಣ ಗುಂಪುಗಳು ಏಳುತ್ತವೆ. ಭಾರ ಹೆಚ್ಚಾದಂತೆ ದೊಡ್ಡವು ಸೇರಿಕೊಳ್ಳುತ್ತವೆ. ಅಮೆರಿಕದ ಎಲ್ವುಡ್ ಹೆನೆಮನ್ 1960ರ ದಶಕದಲ್ಲಿ ಈ ಕ್ರಮವನ್ನು ತೋರಿಸಿದರು. ಹೂವಿನ ಮೊಗ್ಗು ಕೀಳುವ ಕೈಯೇ ಅಕ್ಕಿ ಮೂಟೆ ಎತ್ತುವುದು ಹೀಗೆ. ವಾರಗಟ್ಟಲೆ ಕರೆ ಬರದಿದ್ದರೆ ನರಗಳು ಕರೆಯುವುದನ್ನೇ ಮರೆಯುತ್ತವೆ. ನನಗೆ ಮೊದಲು ವಾಪಸ್ ಬಂದದ್ದು ಆ ಕರೆ.

ಮಡಿಚಿಕೊಂಡೇ ಇದ್ದದ್ದಕ್ಕೂ ಬೆಲೆ ತೆರಬೇಕಾಯಿತು. ಸ್ನಾಯುವನ್ನು ಕುಗ್ಗಿದ ಸ್ಥಿತಿಯಲ್ಲಿ ವಾರಗಟ್ಟಲೆ ಇಟ್ಟರೆ ಅದು ಉದ್ದಕ್ಕೆ ಜೋಡಿಸಿದ ಆ ಪುಟ್ಟ ಕಟ್ಟುಗಳಲ್ಲಿ ಕೆಲವನ್ನು ಕಳಚಿಬಿಡುತ್ತದೆ. ಮತ್ತೆ ಚಾಚಿ ಇಟ್ಟರೆ ಮತ್ತೆ ಸೇರಿಸುತ್ತದೆ. ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದು ಕಂಡಿದೆ. ಇದನ್ನು ಓದಿದ ಮೇಲೆ ದಿನಾ ಬೆಳಿಗ್ಗೆ ಕೈ ಚಾಚಿ ಕೂರುವ ಹತ್ತು ನಿಮಿಷ ನನಗೆ ಬೇಸರ ಅನ್ನಿಸಲೇ ಇಲ್ಲ. ಒಳಗೆ ಯಾರೋ ಗಿಣ್ಣು ಜೋಡಿಸುತ್ತಿದ್ದಾರೆ ಅಂದುಕೊಂಡು ಕೂರುತ್ತಿದ್ದೆ.

ಇನ್ನೊಂದು ದಿನ ಫಿಸಿಯೋ ನನ್ನನ್ನು ನಿಲ್ಲಿಸಿ ಕೈ ಮುಂದೆ ಎತ್ತಿಸಿದರು. ಬೇಗ ಎತ್ತಬೇಕು. "ಮೊದಲು ಏನು ಅಲ್ಲಾಡಿತು?" ಅಂದರು. ಭುಜ ಅಂದೆ. ಅಲ್ಲವಂತೆ, ಕಾಲು. ಕೈ ಮುಂದೆ ಹೋದರೆ ಮೈಯ ಭಾರ ಮುಂದೆ ವಾಲುತ್ತದೆ. ಅದನ್ನು ತಡೆಯಲು ಕಾಲಿನ, ಬೆನ್ನಿನ ಸ್ನಾಯುಗಳು ಕೈಗಿಂತ ಒಂದು ಕ್ಷಣ ಮೊದಲೇ ಬಿಗಿಯಾಗಿರುತ್ತವೆ. 1967ರಲ್ಲಿ ಮಾಸ್ಕೋದ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ವಾಲಿದ ಮೇಲೆ ಸರಿ ಮಾಡಿಕೊಳ್ಳುವುದಲ್ಲ ಇದು. ವಾಲುವುದಕ್ಕೆ ಮುಂಚೆಯೇ ತಯಾರಿ. ದೇವರ ಮುಂದೆ ಕೈ ಎತ್ತಿ ಗಂಟೆ ಹೊಡೆಯುವಾಗ, ಅಟ್ಟದ ಮೇಲಿನ ಡಬ್ಬಿ ತೆಗೆಯುವಾಗ ನನ್ನ ಮೀನಖಂಡ ನನಗಿಂತ ಮೊದಲು ಎಚ್ಚೆತ್ತಿರುತ್ತದೆ.

ಮೀನಖಂಡ. ಎಂಥ ಚಂದದ ಹೆಸರು ಅಲ್ವಾ? ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ, ನಡುವೆ ಉಬ್ಬಿ ಎರಡೂ ಕಡೆ ಕಿರಿದಾಗುವ ಆ ಮಾಂಸವನ್ನು ನೋಡಿ ನಮ್ಮವರಿಗೆ ಮೀನು ಕಂಡಿತು. ಇಂಗ್ಲಿಷಿನಲ್ಲಿ ಸ್ನಾಯುವಿಗೆ ಇರುವ ಮಸಲ್ ಎಂಬ ಪದ ಲ್ಯಾಟಿನ್ನಿನಿಂದ ಬಂದದ್ದು, ಅದರ ಅರ್ಥ ಪುಟ್ಟ ಇಲಿ. ಚರ್ಮದ ಅಡಿಯಲ್ಲಿ ಓಡಾಡುವುದನ್ನು ನೋಡಿ ಅವರಿಗೆ ಇಲಿ ಕಂಡಿತು. ನನಗೆ ಮೀನೇ ಸರಿ ಅನ್ನಿಸುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಂಡಾಗ ಅದು ನೀರಿನಿಂದ ಹೊರಗೆ ಬಿದ್ದ ಮೀನಿನ ಹಾಗೆಯೇ ಒದ್ದಾಡುತ್ತದೆ. ಆಗ ಅಜ್ಜಿ ನಮ್ಮ ಕಾಲ್ಬೆರಳು ಹಿಡಿದು ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಒತ್ತುತ್ತಿದ್ದರು. ಈಗ ಡಾಕ್ಟರೂ ಅದನ್ನೇ ಹೇಳುತ್ತಾರೆ.

ನನಗೆ ಅತಿ ಕಷ್ಟವಾಗಿದ್ದು ಬಾಟಲಿ ಎತ್ತುವುದಲ್ಲ, ಇಳಿಸುವುದು. "ನಾಲ್ಕು ಎಣಿಸ್ತಾ ಇಳಿಸಿ" ಅನ್ನುತ್ತಿದ್ದರು ಫಿಸಿಯೋ. ಇಳಿಸುವಾಗ ಕೈ ಚಾಚುತ್ತದೆ, ಆದರೆ ಕೆಲಸ ಮಾಡುವುದು ಮುಂದಿನ ಬೈಸೆಪ್ಸೇ. ಎಳೆಯುತ್ತಲೇ ಉದ್ದವಾಗುತ್ತಾ ಹೋಗುತ್ತದೆ. ಕೊಡಪಾನವನ್ನು ಬಾವಿಗೆ ಬಿಡುವಾಗ ಹಗ್ಗವನ್ನು ಹಿಡಿದೂ ಹಿಡಿಯದ ಹಾಗೆ ಬಿಡುತ್ತೇವಲ್ಲ, ಹಾಗೆ. ಹೀಗೆ ಉದ್ದವಾಗುವಾಗ ಸ್ನಾಯು ಜಾಸ್ತಿ ಭಾರ ತಡೆಯಬಲ್ಲದು, ಖರ್ಚು ಮಾತ್ರ ಕಡಿಮೆ. 1952ರಲ್ಲಿ ಇಂಗ್ಲೆಂಡಿನಲ್ಲಿ ಅಬಟ್, ಬ್ರೆಂಡಾ ಬಿಗ್‌ಲ್ಯಾಂಡ್ ಮತ್ತು ರಿಚಿ ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಮಾಡಿ ಒಂದೇ ಸರಪಳಿಯಿಂದ ಜೋಡಿಸಿದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಅದನ್ನು ತಡೆಯಬೇಕು. ಇಬ್ಬರ ಬಲವೂ ಸಮ. ಆದರೆ ತುಳಿದವರು ಬಳಸಿದ ಆಮ್ಲಜನಕ ತಡೆದವರಿಗಿಂತ ಎಷ್ಟೋ ಪಟ್ಟು ಹೆಚ್ಚು.

ಖರ್ಚು ಕಡಿಮೆ, ಏಟು ಜಾಸ್ತಿ. ಕುಮಾರ ಪರ್ವತ ಹತ್ತಿ ಬಂದವರಿಗೆ ಇದು ಗೊತ್ತು. ಹತ್ತುವಾಗ ಏದುಸಿರು, ಇಳಿಯುವಾಗ ಆರಾಮು. ಮಾರನೇ ದಿನ, ಅದರ ಮಾರನೇ ದಿನ ತೊಡೆ ಮುಟ್ಟಲು ಆಗುವುದಿಲ್ಲ. ಇಳಿಯುವಾಗ ಒಂದೊಂದು ಹೆಜ್ಜೆಗೂ ತೊಡೆಯ ಸ್ನಾಯು ಉದ್ದವಾಗುತ್ತಾ ಮೈಭಾರ ತಡೆದಿರುತ್ತದೆ. ಆ ಎಳೆದಾಟದಲ್ಲಿ ಒಳಗೆ ಸಣ್ಣ ಸಣ್ಣ ಹರುಕುಗಳಾಗುತ್ತವೆ. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡು ನೋವು ಬಂತು ಅನ್ನುತ್ತಾರೆ. ಅದು ಒಂದೆರಡು ಗಂಟೆಯಲ್ಲೇ ಹೋಗಿಬಿಟ್ಟಿರುತ್ತದೆ. ಎರಡನೇ ದಿನದ ನೋವು ರಿಪೇರಿಯ ನೋವು. ನನ್ನ ರಟ್ಟೆಗೂ ಅದು ಬಂತು. ಆ ನೋವನ್ನು ನಾನು ಖುಷಿಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಬಾವಿಗೆ ಮೋಟರ್ ಬಂದು ಎಷ್ಟೋ ವರ್ಷವಾಯಿತು. ರಾಟೆ, ಹಗ್ಗ ಹಾಗೇ ಇವೆ. ಹೋದ ದಿನ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋಗಿತ್ತು. ಮಾರನೇ ಬೆಳಿಗ್ಗೆ ಟ್ಯಾಂಕಿನಲ್ಲಿ ನೀರು ಮುಗಿದಿತ್ತು. ನಾನು ಬಾವಿಕಟ್ಟೆಗೆ ಹೋದೆ. ದೊಡ್ಡಮ್ಮ ಬೇಡ ಬೇಡ ಅನ್ನುತ್ತಾ ಹಿಂದೆಯೇ ಬಂದರು. ಅಜ್ಜಿ ಹಿಂದಿನ ಜಗಲಿಯಲ್ಲಿ ಕೂತಿದ್ದರು. ಅವರಿಗೀಗ ಎಂಬತ್ತಾರು. ಅವರೇನೂ ಬೇಡ ಅನ್ನಲಿಲ್ಲ.

ಕೊಡಪಾನ ಇಳಿಬಿಟ್ಟೆ. ಹಗ್ಗ ಅಂಗೈ ಸವರುತ್ತಾ ಹೋಯಿತು. ಕೆಳಗೆ ಬುಳುಕ್ ಅಂದಿತು. ಎಡಗೈ ಹಿಡಿದೆ, ಬಲಗೈ ಬಿಟ್ಟೆ. ಬಲಗೈ ಮೇಲೆ ಹೋಗಿ ಹಿಡಿಯಿತು. ನನ್ನ ಮೊಣಕೈ ಇನ್ನೂ ಪೂರ್ತಿ ಚಾಚುವುದಿಲ್ಲ, ಐದು ಡಿಗ್ರಿ ಬಾಕಿ ಇದೆ. ಹಾಗಾಗಿ ಬಲಗೈ ಎಡಗೈಯಷ್ಟು ದೂರ ಹೋಗುತ್ತಿರಲಿಲ್ಲ. ಒಂದು ಉದ್ದ ಎಳೆತ, ಒಂದು ಗಿಡ್ಡ ಎಳೆತ. ರಾಟೆಯ ಸದ್ದೂ ಹಾಗೇ ಬರುತ್ತಿತ್ತು, ಒಂದು ಉದ್ದ, ಒಂದು ಗಿಡ್ಡ. ಕೊಡಪಾನ ಮೇಲೆ ಬಂತು. ಕಟ್ಟೆ ಮೇಲೆ ಇಟ್ಟು ಉಸಿರು ಬಿಟ್ಟೆ.

ಅಜ್ಜಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ರಾಟೆಯ ಸದ್ದು ಕೇಳಿಸಿಕೊಂಡು ಕೂತಿದ್ದರು.

"ಬಲಗೈ ಅಲ್ವಾ ಮುರಿದಿದ್ದು?" ಅಂದರು.

"ಹೌದಜ್ಜಿ."

"ಹಂ. ಇನ್ನೊಂದು ಕೊಡ ಸೇದು. ಬಸಳೆಗೆ ಹಾಕ್ಬೇಕು."